ಒಂದು ನಕ್ಷತ್ರದ ಟಾಕೊ ಅಂಗಡಿ

ತಪ್ಪು ನನ್ನದೇ. ಇದನ್ನು ಮೊದಲೇ ಒಪ್ಪಿಕೊಂಡುಬಿಟ್ಟರೆ ಮಿಕ್ಕ ಕತೆ ಹೇಳುವುದು ಸಲೀಸು. ಅವತ್ತು ಎದುರಿನ ಟಾಕೊ ಅಂಗಡಿಯ ದೊನ್ ಎವಾರಿಸ್ತೊ ಕರೆಂಟ್ ಬಿಲ್ಲಿನ ನಕಲು ಬೇಕೆಂದು ರಸ್ತೆ ದಾಟಿ ನನ್ನ ಜೆರಾಕ್ಸ್ ಅಂಗಡಿಗೆ ಬಂದಿದ್ದ. ನಕಲು ತೆಗೆದು ಕೈಗಿತ್ತು ಕಳಿಸಿಬಿಟ್ಟಿದ್ದರೆ ನಮ್ಮ ಸಾನ್ ಕಾಸಿಯಾನೊ ಊರಿನ ಚರಿತ್ರೆಯೇ ಬೇರೆ ಥರ ಇರುತ್ತಿತ್ತು. ಆದರೆ ಯಂತ್ರ ಬಿಸಿಯಾಗುವ ತನಕ ಏನಾದರೂ ಮಾತಾಡಬೇಕಲ್ಲ?

"ದೊನ್ ಎವಾರಿಸ್ತೊ, ನಿಮ್ಮ ಅಂಗಡಿ ಬಗ್ಗೆ ಇಂಟರ್ನೆಟ್ಟಲ್ಲಿ ಯಾರೋ ಬರೆದಿದಾರೆ," ಅಂದೆ.

"ಯಾರವನು? ಏನು ಬರೆದ?"

"ಒಂದು ನಕ್ಷತ್ರ ಕೊಟ್ಟಿದಾರೆ."

ನಾನು ಹೇಳಿದ್ದು ಇಷ್ಟೇ. ಇದರಲ್ಲಿ ಒಂದಕ್ಷರ ಸುಳ್ಳಿಲ್ಲ. ಸಂತಾಪ ಹೇಳುವ ದನಿಯಲ್ಲೇ ಹೇಳಿದ್ದೆ. ಆದರೆ ನನ್ನ ದನಿ ಹುಟ್ಟಿನಿಂದಲೇ ಹಾಗಿದೆ; ಮದುವೆಮನೆಯಲ್ಲಿ ಶುಭಾಶಯ ಹೇಳಿದರೂ ಜನ "ಅಯ್ಯೋ, ಯಾರು ಹೋದ್ರು?" ಅಂತ ಕೇಳುತ್ತಾರೆ. ಹೀಗಾಗಿ ನನ್ನ ದನಿಯಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಎವಾರಿಸ್ತೊ ಹತ್ತಿರದಲ್ಲಿದ್ದ ಕಾಗದದ ಕಟ್ಟಿನ ಮೇಲೆ ಕೂತುಬಿಟ್ಟ. ಅದರ ಹಿಂದಿನ ವಾರವಷ್ಟೇ ಟಿವಿಯವರು ಮೂರು ಹೊತ್ತೂ ಒಂದೇ ಸುದ್ದಿ ತೋರಿಸಿದ್ದರು. ರಾಜಧಾನಿಯ ಯಾವುದೋ ಸಣ್ಣ ಟಾಕೊ ಅಂಗಡಿಗೆ ಪರದೇಶದ ಪರೀಕ್ಷಕರು ಗುಟ್ಟಾಗಿ ಬಂದು, ತಿಂದು, ನಕ್ಷತ್ರ ಕೊಟ್ಟು ಹೋಗಿದ್ದಾರೆ. ಈಗ ಅಲ್ಲಿ ಸಾಲು ನಾಲ್ಕು ಬೀದಿ ಸುತ್ತುತ್ತದೆ. ಆ ಸುದ್ದಿಯನ್ನು ಎವಾರಿಸ್ತೊ ಕಾವಲಿಯ ಮೇಲಿನ ಮಾಂಸ ಸೀಯುವಷ್ಟು ಹೊತ್ತು ನಿಂತು ನೋಡಿದ್ದ.

"ನಂಗಾ?" ಅಂದ.

"ನಿಮಗೇ."

"ಗೊಲೊಂದ್ರಿನಾ ಅಂಗಡಿಗಾ? ಹೆಸರು ಸರಿಯಾಗಿ ನೋಡಿದ್ರಾ?"

"ಸ್ಟೇಷನ್ ರಸ್ತೆ, ಗೊಲೊಂದ್ರಿನಾ ಟಾಕೊ ಅಂಗಡಿ. ನಿಮ್ಮದೇ."

"ಓದಿ, ದೊನ್ ಒದಿಲೊನ್. ನಿಧಾನಕ್ಕೆ ಓದಿ."

ನಾನು ಓದಿದೆ. ಬರೆದವನು ಗಾವುದೆನ್ಸಿಯೊ ತಾಪಿಯಾ ಅನ್ನುವವನು. ಪಕ್ಕದಲ್ಲಿ ಅವನ ಫೋಟೊ. ಮೀಸೆ, ಟೈ, ಅಜೀರ್ಣದ ಮುಖ. ಬರೆದದ್ದು ಹೀಗಿತ್ತು: "ಇಂಥ ಟಾಕೊ ನನ್ನ ಜನ್ಮದಲ್ಲಿ ತಿಂದಿರಲಿಲ್ಲ. ಕೆಂಪು ಸಾಲ್ಸಾ ಒಂದೇ ಚಮಚ ಹಾಕಿಕೊಂಡೆ, ತೀರಿಹೋದ ನಮ್ಮಪ್ಪ ಕಣ್ಣೆದುರು ಬಂದು ನಿಂತರು. ಆ ಬೆಲೆಗೆ ಅಷ್ಟು ಮಾಂಸ ಅಂದರೆ ಯಾರೂ ನಂಬುವುದಿಲ್ಲ. ಮಾಲೀಕರು ನನ್ನನ್ನು ನಡೆಸಿಕೊಂಡ ರೀತಿಯನ್ನು ಸಾಯುವ ತನಕ ಮರೆಯಲಾರೆ. ಅಲ್ಲಿ ಒಂದು ಸಲ ಹೋಗಿ ಬಂದವರಿಗೆ ಇನ್ನೇನೂ ಬೇಡ ಅನ್ನಿಸುತ್ತದೆ."

ಎವಾರಿಸ್ತೊ ಟೋಪಿ ತೆಗೆದ. ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡ. ಏಪ್ರನ್ನಿನಲ್ಲಿ ಮೆಣಸಿನಕಾಯಿ ಇತ್ತೆಂದು ಕಾಣುತ್ತದೆ, ಇನ್ನಷ್ಟು ನೀರು ಬಂತು.

"ಸತ್ತ ಅಪ್ಪ ಬಂದು ನಿಂತ್ರಂತೆ! ನನ್ನ ಹೆಂಡ್ತಿ ಚೆಂಚಾ ಅರೆದ ಸಾಲ್ಸಾ ಅಂದ್ರೆ ಹುಡುಗಾಟವಾ? ಅದ್ಸರಿ, ಇಲ್ಲಿ ಒಂದು ನಕ್ಷತ್ರ ಹಳದಿ, ಪಕ್ಕದ ನಾಲ್ಕು ಖಾಲಿ. ಯಾಕೆ?"

ಇದೇ ತಕ್ಕ ಸಮಯ ಅಂತ ನಾನು ಬಾಯಿ ತೆರೆದೆ. "ಅದು ಏನಪ್ಪಾ ಅಂದ್ರೆ, ಒಟ್ಟು ಐದಿರ್ತಾವೆ, ಅದರಲ್ಲಿ..."

"ತಿಳೀತು, ತಿಳೀತು! ಮುಂದಿನ ವರ್ಷಗಳಿಗೆ ಜಾಗ ಬಿಟ್ಟಿದಾರೆ!" ಅಂದವನೇ ಎದ್ದು ನನ್ನನ್ನು ಅಪ್ಪಿಕೊಂಡ. ಎವಾರಿಸ್ತೊ ನೂರ ಹತ್ತು ಕಿಲೊ ಆಳು. ನನ್ನ ಕನ್ನಡಕ ಎರಡು ತುಂಡಾಯಿತು. ಮುರಿದ ಕನ್ನಡಕ ಕೈಯಲ್ಲಿ ಹಿಡಿದುಕೊಂಡು ಇನ್ನೊಬ್ಬರಿಗೆ ಸತ್ಯ ತಿಳಿಸುವ ಶಕ್ತಿ ಯಾರಿಗಿರುತ್ತದೆ? ಅವನು ಆ ಬರಹವನ್ನು ಅತಿ ದೊಡ್ಡ ಕಾಗದದಲ್ಲಿ, ಬಣ್ಣದಲ್ಲಿ, ಗಾವುದೆನ್ಸಿಯೊನ ಫೋಟೊ ಸಮೇತ ಮುದ್ರಿಸಿಕೊಂಡು, ಪ್ಲಾಸ್ಟಿಕ್ ಹಾಕಿಸಿ, ಎರಡೂ ಕೈಯಲ್ಲಿ ಎತ್ತಿ ಹಿಡಿದು ರಸ್ತೆ ದಾಟಿದ. ಕರೆಂಟ್ ಬಿಲ್ಲನ್ನು ನನ್ನಲ್ಲೇ ಮರೆತ.

ಗೊಲೊಂದ್ರಿನಾ ಅಂದರೆ ದೊಡ್ಡದೇನಲ್ಲ. ಫುಟ್‌ಪಾತಿನ ಮೇಲೆ ನೀಲಿ ತಗಡಿನ ಮಾಡು, ಆರು ಸ್ಟೂಲು, ಲಾರಿ ಚಕ್ರದಷ್ಟು ಕಾವಲಿ. ಇಪ್ಪತ್ತೆಂಟು ವರ್ಷದಿಂದ ಹೆಂಡತಿ ಚೆಂಚಾ ರೊಟ್ಟಿ ತಟ್ಟುತ್ತಾಳೆ, ಮೆಣಸಿನಕಾಯಿ ಚಟ್ನಿಯಂಥ ಸಾಲ್ಸಾ ಅರೆಯುತ್ತಾಳೆ. ಗಂಡ ಮಾಂಸ ಕೊಚ್ಚಿ ಆ ರೊಟ್ಟಿಯಲ್ಲಿ ಮಡಿಸಿ ಟಾಕೊ ಮಾಡುತ್ತಾನೆ, ಗಿರಾಕಿಗಳನ್ನು ಬೈಯುತ್ತಾನೆ. ಎರಡನೇ ಸಲ ನಿಂಬೆಹಣ್ಣು ಕೇಳಿದರೆ "ಮರ ನಿಮ್ಮಪ್ಪ ನೆಟ್ಟಿದ್ದಾ?" ಅನ್ನುತ್ತಾನೆ. ಈರುಳ್ಳಿ ಬೇಡ ಅಂದವನಿಗೆ ಆಸ್ಪತ್ರೆಯ ದಾರಿ ತೋರಿಸುತ್ತಾನೆ. ಟ್ಯಾಕ್ಸಿ ಓಡಿಸುವ ಮೆಲಿತೊನ್‌ನನ್ನು ಹನ್ನೊಂದು ವರ್ಷದಿಂದ "ಕತ್ತೆ" ಎಂದೇ ಕರೆಯುತ್ತಾನೆ, ಮೆಲಿತೊನ್ ಹನ್ನೊಂದು ವರ್ಷದಿಂದ "ಬಂದೆ" ಅನ್ನುತ್ತಾನೆ. ವ್ಯವಸ್ಥೆ ಚೆನ್ನಾಗಿಯೇ ನಡೆದಿತ್ತು.

ಮರುದಿನ ಬೆಳಿಗ್ಗೆ ನೋಡಿದರೆ ನೀಲಿ ತಗಡಿನ ಮೇಲೆ ಒಂದು ಕೆಂಪು ನಕ್ಷತ್ರ, ಟ್ರ್ಯಾಕ್ಟರ್ ಗಾಲಿಯಷ್ಟು. ಮೊದಲು ಬರೆದಾಗ ಆರು ಮೂಲೆ ಬಂದಿತ್ತಂತೆ, ಒಂದನ್ನು ಅಳಿಸಿದ್ದು ಹಾಗೇ ಕಾಣುತ್ತಿತ್ತು. ಟಾಕೊ ಬೆಲೆ ಮೂರು ಪೆಸೊ ಏರಿತ್ತು. ಎವಾರಿಸ್ತೊ ಗಡ್ಡ ಬೋಳಿಸಿ, ಇಸ್ತ್ರಿ ಮಾಡಿದ ಏಪ್ರನ್ ಕಟ್ಟಿಕೊಂಡು ನಿಂತಿದ್ದ. ಮೆಲಿತೊನ್ ಬಂದು ಸ್ಟೂಲ್ ಎಳೆದುಕೊಂಡ.

"ಬನ್ನಿ ಸರ್, ಆರಾಮಾಗಿ ಕೂತ್ಕೊಳಿ," ಅಂದ ಎವಾರಿಸ್ತೊ. "ಇವತ್ತು ನಾಲಗೆ ಟಾಕೊ ತುಂಬಾ ಮೃದುವಾಗಿದೆ. ನಿಂಬೆಹಣ್ಣು ಎಷ್ಟು ಬೇಕಾದ್ರೂ ತಗೊಳಿ."

ಮೆಲಿತೊನ್‌ನ ಮುಖ ಬಿಳಿಚಿಕೊಂಡಿತು. ಚೆಂಚಾ ಕಡೆಗೆ ಬಾಗಿ ಮೆಲ್ಲಗೆ ಕೇಳಿದ: "ಡಾಕ್ಟ್ರು ಏನಂದ್ರು? ಎಷ್ಟು ದಿನ ಅಂತೆ?"

ಸಂಜೆ ಎವಾರಿಸ್ತೊ ತನ್ನ ಭಾಮೈದ ರೊಗಾಸಿಯಾನೊಗೆ ಫೋನ್ ಮಾಡಿದ. ಫೋನಿನಲ್ಲಿ ಊರು ಎಷ್ಟು ದೂರವೋ ಅಷ್ಟು ಜೋರಾಗಿ ಕೂಗಬೇಕು ಎಂಬುದು ಅವನ ನಂಬಿಕೆ. ರೊಗಾಸಿಯಾನೊ ಇರುವುದು ನಲವತ್ತು ಕಿಲೊಮೀಟರ್ ದೂರದ ನಗರದಲ್ಲಿ, ಆದ್ದರಿಂದ ಇಡೀ ಸ್ಟೇಷನ್ ರಸ್ತೆಗೆ ಕೇಳಿಸಿತು.

"ಗೊತ್ತು ಕಣಯ್ಯಾ, ನಿನ್ನ ಹೋಟ್ಲಲ್ಲಿ ಮೇಜಿಗೆ ಬಟ್ಟೆ ಹಾಸಿದೀಯ! ಫೋರ್ಕು ಎರಡೆರಡು ಇಡ್ತೀಯ! ಮದುವೆ ಆದಾಗಿಂದ ಕೇಳ್ತಾನೇ ಇದೀನಿ! ನಕ್ಷತ್ರ ಇದೆಯಾ? ಅಷ್ಟು ಹೇಳು! ಏನು? ಯಾರು ಕೊಟ್ರಾ? ತಾಪಿಯಾ ಅಂತ! ದೊಡ್ಡ ಮನುಷ್ಯ, ಟೈ ಕಟ್ಟಿದಾನೆ!"

ಮೂರನೇ ದಿನ ಮೂಲೆಯ ಔಷಧಿ ಅಂಗಡಿಯ ದೊನ್ಯಾ ಒಬ್ದುಲಿಯಾ ನನ್ನ ಬಾಗಿಲಲ್ಲಿ ಪ್ರತ್ಯಕ್ಷಳಾದಳು.

"ಐದಕ್ಕೆ ಒಂದು ಕಣ್ರೀ! ನನ್ನ ಸೊಸೆ ಫೋನಲ್ಲಿ ತೋರಿಸಿದ್ಲು. ಒಂದಕ್ಕಿಂತ ಕಮ್ಮಿ ಕೊಡಕ್ಕೆ ಆಗೋದೇ ಇಲ್ವಂತೆ, ಇಲ್ದಿದ್ರೆ ಅದನ್ನೂ ಕೊಡ್ತಿರ್ಲಿಲ್ಲ!"

"ಹಾಗಾದ್ರೆ ನೀವೇ ಹೋಗಿ ಹೇಳಿ."

"ನಾನಾ? ಬಿ.ಪಿ. ಮಾತ್ರೆ ಅವನು ನನ್ನ ಹತ್ರ ತಗೊಳೋದು. ನಾನೇ ಹೋಗಿ ಬಿ.ಪಿ. ಏರಿಸಿದ್ರೆ ಜನ ಏನಂತಾರೆ? ನೀವು ಹೇಳಿ. ನಿಮ್ಮ ಮುಖಕ್ಕೆ ಕೆಟ್ಟ ಸುದ್ದಿ ಚೆನ್ನಾಗಿ ಒಪ್ಪುತ್ತೆ."

ನಾನು ಅಂಗಡಿ ಬಾಗಿಲು ಎಳೆದುಕೊಂಡು ಹೊರಟೇಬಿಟ್ಟೆ. ರಸ್ತೆ ಮಧ್ಯಕ್ಕೆ ಬರುವಷ್ಟರಲ್ಲಿ ಚೆಂಚಾ ಎದುರಾದಳು. ಎರಡೂ ಕೈ ಹಿಟ್ಟಾಗಿತ್ತು.

"ಎಲ್ಲಿಗೆ ಹೊರಟ್ರಿ ದೊನ್ ಒದಿಲೊನ್?"

"ದೊನ್ಯಾ ಚೆಂಚಾ, ಆ ನಕ್ಷತ್ರದ ವಿಚಾರ..."

"ಗೊತ್ತು. ಐದಕ್ಕೆ ಒಂದು. ಮೊದಲ ದಿನಾನೇ ಗೊತ್ತಾಯ್ತು. ಈಗ ತಿರುಗಿ ನಿಮ್ಮ ಅಂಗಡಿಗೆ ನಡೀರಿ."

"ಆದ್ರೆ..."

"ನಮ್ಮ ಮೇಜಿನ ಖಾನೆಯಲ್ಲಿ ಒಂದು ನೋಟಿಸ್ ಇದೆ. ಓದಿದೀರಾ?"

ಓದಿರಲಿಲ್ಲ, ಆದರೆ ಬೀದಿಗೆಲ್ಲ ಗೊತ್ತಿತ್ತು. ನಗರಸಭೆಯವರು ಸ್ಟೇಷನ್ ರಸ್ತೆಗೆ ಗುಲಾಬಿ ಕಲ್ಲಿನ ಹೊಸ ಫುಟ್‌ಪಾತ್ ಹಾಕಿಸುವವರಿದ್ದರು. ಕಬ್ಬಿಣದ ದೀಪದ ಕಂಬ, ಬೆಂಚು, ಎಲ್ಲ ನಕ್ಷೆಯಲ್ಲಿತ್ತು. ಗೊಲೊಂದ್ರಿನಾ ಇದ್ದ ಜಾಗದಲ್ಲಿ ಮಾತ್ರ ಒಂದು ಹೂಕುಂಡ ಬರೆದಿದ್ದರು. ವಾರದ ಕೊನೆಯೊಳಗೆ ಜಾಗ ಬಿಡಬೇಕು.

"ನಿನ್ನೆ ಕೌನ್ಸಿಲರ್ ಬರ್ರಾಗಾನ್ ಸಾಹೇಬ್ರು ಕಾರಲ್ಲಿ ಹೋಗ್ತಾ ಆ ನಕ್ಷತ್ರ ನೋಡಿದಾರೆ," ಅಂದಳು ಚೆಂಚಾ. "ಇಳಿದು ಬಂದ್ರು. ನಮ್ಮವನ ಕೈ ಕುಲುಕಿದ್ರು. ಹೂಕುಂಡ ಬೇಡ, ಊರಿಗೇ ಹೆಮ್ಮೆ, ಭಾನುವಾರ ಸನ್ಮಾನ ಅಂದ್ರು. ಹಿತ್ತಾಳೆ ಫಲಕ ಮಾಡಿಸ್ತಾರಂತೆ. ಈಗ ನೀವು ಹೋಗಿ ಸತ್ಯ ಹೇಳ್ತೀರಾ? ಹೇಳಿ. ಆಮೇಲೆ ಆ ಹೂಕುಂಡಕ್ಕೆ ನೀರು ಹಾಕೋಕೂ ನೀವೇ ಬನ್ನಿ."

ಸತ್ಯ ಹೇಳಬೇಕು, ನಿಜ. ಆದರೆ ಹಿಟ್ಟಿನ ಕೈ ಸೊಂಟಕ್ಕಿಟ್ಟು ನಿಂತ ಹೆಂಗಸಿನ ಎದುರು ಸತ್ಯವೂ ಸ್ವಲ್ಪ ಕಾಯುತ್ತದೆ. ನಾನು ವಾಪಸ್ ಹೋದೆ. ಆವತ್ತಿನಿಂದ ಇಡೀ ಬೀದಿ ಬಾಯಿಗೆ ಬೀಗ ಹಾಕಿಕೊಂಡಿತು. ಏನು ಮಾಡಿದರೂ ಗುಟ್ಟು ನಿಲ್ಲದ ಬೀದಿ ನಮ್ಮದು; ಈ ಒಂದು ಗುಟ್ಟು ನಾಲ್ಕು ದಿನ ನಿಂತಿತು.

ಶುಕ್ರವಾರ ಮಧ್ಯಾಹ್ನ, ಅಂಗಡಿ ತುಂಬಿದ್ದ ಹೊತ್ತಿಗೆ, ಗಾವುದೆನ್ಸಿಯೊ ತಾಪಿಯಾ ಖುದ್ದಾಗಿ ಬಂದ.

ಅವನು ಹಾಸಿಗೆ ಕಂಪನಿಯೊಂದರ ಏಜೆಂಟ್. ಎರಡು ವಾರಕ್ಕೊಮ್ಮೆ ಈ ದಾರಿಯಲ್ಲಿ ಬರುತ್ತಾನೆ. ಗೊಲೊಂದ್ರಿನಾಕ್ಕೆ ಬರುವ ಉದ್ದೇಶ ಖಂಡಿತ ಇರಲಿಲ್ಲ. ಬಸ್ ತಪ್ಪಿ, ಬಿಸಿಲಿಗೆ ಬಳಲಿ, ನೆರಳು ಕಂಡಲ್ಲಿಗೆ ನುಗ್ಗಿದ್ದ. ಸ್ಟೂಲಿನ ಮೇಲೆ ಕೂತು, ಬೆವರೊರೆಸಿಕೊಂಡು ತಲೆ ಎತ್ತಿದರೆ ಎದುರಿಗೆ ತನ್ನದೇ ಮುಖ. ಕಿಟಕಿಯಷ್ಟು ದೊಡ್ಡದು. ಕೆಳಗೆ ತನ್ನದೇ ಮಾತುಗಳು. ಸುತ್ತ ಜರಿ ಕಾಗದದ ಹೂವು. ನಮ್ಮ ಕಡೆ ಫೋಟೊಕ್ಕೆ ಹಾಗೆ ಹೂವು ಸುತ್ತುವುದು ಸತ್ತವರಿಗೆ.

ಅವನು ಮೆಲ್ಲಗೆ ಏಳಲು ನೋಡಿದ. ಅಷ್ಟರಲ್ಲಿ ಎವಾರಿಸ್ತೊ ಕತ್ತಿ ಹಿಡಿದ ಕೈಯಲ್ಲೇ ಅವನ ಕಡೆ ಬೊಟ್ಟು ಮಾಡಿದ.

"ನೀನೇ ಅಲ್ವಾ?"

"ನಾನಲ್ಲ," ಅಂದ ಗಾವುದೆನ್ಸಿಯೊ.

"ಆ ಮೀಸೆ! ಆ ಟೈ! ನೀನೇ! ಚೆಂಚಾ, ಸಿಕ್ಕಿಬಿಟ್ಟ! ಕತ್ತೆ, ಏನು ನೋಡ್ತಿದೀಯ, ಅವನು ಹೋಗದ ಹಾಗೆ ಅಡ್ಡ ನಿಂತ್ಕೊ!"

ಮೂರು ದಿನದ ನಂತರ ಮೊದಲ ಸಲ "ಕತ್ತೆ" ಅನ್ನಿಸಿಕೊಂಡ ಮೆಲಿತೊನ್ ಆನಂದದಿಂದ ಅಡ್ಡ ನಿಂತ.

"ಸ್ವಾಮಿ, ನನಗೆ ಮೂವರು ಮಕ್ಕಳಿದಾರೆ," ಅಂದ ಗಾವುದೆನ್ಸಿಯೊ.

"ಮೂವರಿಗೂ ಕಟ್ಟಿಕೊಡ್ತೀನಿ! ಮೊದಲು ನೀನು ತಿನ್ನು!"

ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡೆ. ಎವಾರಿಸ್ತೊ ಟಾಕೊ ಮೇಲೆ ಟಾಕೊ ಇಟ್ಟ. ನಾಲಗೆ, ಕರುಳು, ಪಕ್ಕೆ ಮಾಂಸ, ಒಂದರಲ್ಲಿ ಎರಡು ಟಾಕೊದಷ್ಟು ತುಂಬಿಸಿ. ಪ್ರತಿಯೊಂದರ ಮೇಲೂ ಕೆಂಪು ಸಾಲ್ಸಾ, ಚಮಚ ಬಿಟ್ಟು ಸೌಟಿನಲ್ಲೇ. "ಅಪ್ಪನ್ನ ನೋಡ್ಬೇಕಲ್ವಾ? ನೋಡು! ತಾತನ್ನೂ ನೋಡು!" ಗಾವುದೆನ್ಸಿಯೊ ಅಳುತ್ತ ತಿಂದ. ಏಳನೆಯದಕ್ಕೆ ಟೈ ಸಡಿಲಿಸಿದ. ಹತ್ತನೆಯದಕ್ಕೆ ದೇವರ ಹೆಸರು ಹೇಳಿದ. ಹನ್ನೆರಡನೆಯದು ಮುಗಿಸಿ ಕೈಮುಗಿದ.

"ತೆಗೆದು ಹಾಕ್ತೀನಿ ಸ್ವಾಮಿ! ಈಗಲೇ, ನಿಮ್ಮೆದುರಿಗೇ ತೆಗೆದು ಹಾಕ್ತೀನಿ!"

"ಏನನ್ನ?"

"ಆ ನಕ್ಷತ್ರಾನ!"

"ಮುಟ್ಟಿದ್ರೆ ಕೈ ಮುರೀತೀನಿ!" ಅಂತ ಗುಡುಗಿದ ಎವಾರಿಸ್ತೊ.

"ಹಾಗಾದ್ರೆ ಐದು ಕೊಡ್ತೀನಿ! ಐದಕ್ಕೈದೂ ಕೊಡ್ತೀನಿ, ನನ್ನ ಬಿಟ್ಬಿಡಿ!"

ಎವಾರಿಸ್ತೊ ಕತ್ತಿ ಕೆಳಗಿಟ್ಟ. ಅವನ ಭುಜದ ಮೇಲೆ ಕೈಹಾಕಿ, ದೊಡ್ಡವರು ಸಣ್ಣವರಿಗೆ ಬುದ್ಧಿ ಹೇಳುವಂತೆ ಹೇಳಿದ: "ಒಟ್ಟಿಗೇ ಐದು ಬೇಡಪ್ಪ. ಜನ ಲಂಚ ಕೊಟ್ಟ ಅಂತಾರೆ. ವರ್ಷಕ್ಕೊಂದು ಸಾಕು. ನನಗೆ ದುರಾಸೆ ಇಲ್ಲ."

ಹದಿನಾಲ್ಕನೆಯದು ಮುಗಿದ ಮೇಲೆ ಮೆಲಿತೊನ್ ಅವನನ್ನು ಟ್ಯಾಕ್ಸಿಯಲ್ಲಿ ಮಲಗಿಸಿಕೊಂಡು ಬಸ್ ನಿಲ್ದಾಣಕ್ಕೆ ಬಿಟ್ಟು ಬಂದ. ಗಾವುದೆನ್ಸಿಯೊ ಆ ದಾರಿಯ ಹಾಸಿಗೆ ವ್ಯಾಪಾರವನ್ನು ಬೇರೊಬ್ಬ ಏಜೆಂಟನಿಗೆ ಬಿಟ್ಟುಕೊಟ್ಟನೆಂದು ಆಮೇಲೆ ಕೇಳಿದೆ.

ಭಾನುವಾರ ಹನ್ನೊಂದು ಗಂಟೆಗೆ ಸನ್ಮಾನ. ಎರಡು ತುತ್ತೂರಿ, ಒಂದು ಡೋಲಿನ ವಾದ್ಯದವರು ಬಂದಿದ್ದರು. ಬೀದಿಯ ಎಲ್ಲರೂ ಇದ್ದರು. ಎಲ್ಲರಿಗೂ ಗುಟ್ಟು ಗೊತ್ತಿತ್ತು, ಎಲ್ಲರೂ ನೆಲ ನೋಡುತ್ತಿದ್ದರು. ಅಂಗಡಿಯ ಕಂಬಕ್ಕೆ ಹಿತ್ತಾಳೆ ಫಲಕವನ್ನು ನಾಲ್ಕು ಸ್ಕ್ರೂ ಹಾಕಿ ಬಿಗಿದು ಮೇಲೆ ಹಸಿರು ಬಟ್ಟೆ ಮುಚ್ಚಿದ್ದರು. ಬರ್ರಾಗಾನ್ ಸಾಹೇಬರು ಮಾತಾಡಿದರು. ಸಾನ್ ಕಾಸಿಯಾನೊದ ಹೆಸರು ಜಗತ್ತಿಗೇ ಹಬ್ಬಿದ್ದು ತಾವು ಕೌನ್ಸಿಲರ್ ಆದ ಮೇಲೆ ಎಂಬುದನ್ನು ಜನ ಗಮನಿಸಬೇಕೆಂದರು. ಬಟ್ಟೆ ಎಳೆದರು. ತುತ್ತೂರಿ ಮೊಳಗಿತು.

ಆಗ ಹಿಂದಿನಿಂದ ಒಂದು ನಗು ಕೇಳಿಸಿತು. ಭಾಮೈದ ರೊಗಾಸಿಯಾನೊ. ಬಿಳಿ ಶರಟು, ಕೈಯಲ್ಲಿ ಫೋನು. ನಲವತ್ತು ಕಿಲೊಮೀಟರ್ ದೂರದಿಂದ ಈ ಒಂದು ನಿಮಿಷಕ್ಕಾಗಿಯೇ ಬಂದಿದ್ದ.

"ಸಾಹೇಬ್ರೇ, ಒಂದು ಸಣ್ಣ ತಿದ್ದುಪಡಿ," ಅಂದ. "ಇದು ಪರದೇಶದವರು ಕೊಟ್ಟ ನಕ್ಷತ್ರ ಅಲ್ಲ. ಗಿರಾಕಿಗಳು ಫೋನಲ್ಲಿ ಕೊಡೋದು. ಐದು ಕೊಟ್ರೆ ಅತ್ಯುತ್ತಮ. ಒಂದು ಕೊಟ್ರೆ ಆ ಕಡೆ ತಲೆ ಹಾಕ್ಬೇಡಿ ಅಂತ. ನಮ್ಮ ಭಾವ ಅದನ್ನ ತಗಡಿನ ಮೇಲೆ ಬರೆಸಿ ಬೆಲೆ ಏರಿಸಿದಾನೆ!"

ತುತ್ತೂರಿಯವನು ಊದುತ್ತಿದ್ದದ್ದನ್ನು ಅರ್ಧಕ್ಕೇ ನಿಲ್ಲಿಸಿದ. ಅರ್ಧ ಸ್ವರ ಬೀದಿಯಲ್ಲೇ ನಿಂತಿತು.

ಎವಾರಿಸ್ತೊ ನನ್ನ ಕಡೆ ತಿರುಗಿದ. "ದೊನ್ ಒದಿಲೊನ್?"

"ನಿಜ," ಅಂದೆ. "ಹೇಳಕ್ಕೆ ಬಂದೆ. ಕನ್ನಡಕ ಮುರೀತು."

ಚೆಂಚಾ ಕಡೆ ತಿರುಗಿದ. "ನಿಂಗೂ ಗೊತ್ತಿತ್ತಾ?"

"ಗೊತ್ತಿತ್ತು."

"ಯಾಕೆ ಹೇಳ್ಲಿಲ್ಲ?"

"ನೀನು ಹಾಡ್ತಿದ್ದೆ, ಮುದುಕಾ," ಅಂದಳು ಚೆಂಚಾ. "ಬೆಳಿಗ್ಗೆ ಮಾಂಸ ತೊಳೆಯೋವಾಗ ಹಾಡ್ತಿದ್ದೆ. ಎಷ್ಟು ವರ್ಷ ಆಗಿತ್ತು."

ಎವಾರಿಸ್ತೊನ ಕಿವಿ ಕೆಂಪಾಯಿತು. ಕಾವಲಿಯ ಕಡೆ ತಿರುಗಿದ. ಅವನೀಗ ಅಂಗಡಿ ಮುಚ್ಚಿ ಮನೆಗೆ ಹೋಗುತ್ತಾನೆ ಅಂದುಕೊಂಡೆವು. ಅವನು ಏಪ್ರನ್ನಿನ ಗಂಟು ಬಿಚ್ಚಿ, ಇನ್ನೂ ಬಿಗಿಯಾಗಿ ಕಟ್ಟಿಕೊಂಡ.

"ಭಾಮೈದ, ನಿನ್ನ ಹೋಟ್ಲಿಗೆ ಎಷ್ಟು ನಕ್ಷತ್ರ?"

"ಐದಕ್ಕೆ ನಾಲ್ಕೂವರೆ!"

"ಎಷ್ಟು ಜನ ಕೊಟ್ಟಿದಾರೆ?"

"ಹದಿನಾರು ಜನ."

"ಅದರಲ್ಲಿ ನಮ್ಮ ನೆಂಟರು ಎಷ್ಟು?"

ರೊಗಾಸಿಯಾನೊ ಆಕಾಶ ನೋಡಿದ. "ಹದಿನಾಲ್ಕು," ಅಂದಳು ಚೆಂಚಾ. "ಅಮ್ಮ ಫೋನ್ ಮಾಡಿ ಬಲವಂತ ಮಾಡಿದ್ಲು. ದೊನ್ಯಾ ಒಬ್ದುಲಿಯಾ ಸೊಸೆ ಫೋನಿಂದ ನಾನೂ ಕೊಟ್ಟಿದೀನಿ. ಅಲ್ಲಿ ಊಟ ಮಾಡಿ ಗೊತ್ತಿಲ್ಲ."

"ನನಗೆ ಒಂದೇ ಬಂದಿರೋದು," ಅಂದ ಎವಾರಿಸ್ತೊ. "ಆದ್ರೆ ಗುರುತು ಪರಿಚಯ ಇಲ್ದೋನು ಕೊಟ್ಟಿದ್ದು. ಅದಕ್ಕೆ ಬೆಲೆ ಇದೆ."

ಜನ ನಕ್ಕರು. ಬರ್ರಾಗಾನ್ ಸಾಹೇಬರು ನಗಲಿಲ್ಲ. ಫಲಕದ ಜೊತೆ ಅವರ ಫೋಟೊ ಆಗಲೇ ತೆಗೆದಾಗಿತ್ತು. "ಇದು ಮೋಸ!" ಅಂದರು. "ಆ ಫಲಕ ಬಿಚ್ಚಿ. ನೋಟಿಸ್ ಮೊದಲಿದ್ದ ಹಾಗೇ ಜಾರಿಯಲ್ಲಿದೆ. ನಾಳೆ ಬೆಳಿಗ್ಗೆ ಕೆಲಸದವರು ಬರ್ತಾರೆ."

"ಸಾಹೇಬ್ರೇ, ಫಲಕದಲ್ಲಿ ಏನು ಬರೆದಿದೀರಿ, ಓದಿ," ಅಂದ ಎವಾರಿಸ್ತೊ.

"ಅದೆಲ್ಲ ಬೇಡ."

"ನಾನು ಓದ್ತೀನಿ. 'ಒಂದು ನಕ್ಷತ್ರ ಪಡೆದ ಗೊಲೊಂದ್ರಿನಾ ಟಾಕೊ ಅಂಗಡಿ ಇಲ್ಲಿದೆ.' ನನಗೆ ಒಂದು ನಕ್ಷತ್ರ ಬಂದಿದೆಯೋ ಇಲ್ವೋ?"

"ಬಂದಿದೆ. ಆದರೆ..."

"ಅಂಗಡಿ ಇಲ್ಲಿದೆಯೋ ಇಲ್ವೋ?"

"ಇದೆ, ಆದರೆ..."

"ಹಿತ್ತಾಳೆ ಮೇಲೆ ಎಲ್ಲಾದರೂ 'ಆದರೆ' ಅಂತ ಕೆತ್ತಿದೀರಾ? ನಂಗೆ ಕಾಣಿಸ್ತಿಲ್ಲ."

ಸಾಹೇಬರು ಜನರ ಕಡೆ ತಿರುಗಿದರು. ರಾಜಕಾರಣಿಗೆ ದಾರಿ ಕಾಣದಿದ್ದಾಗ ಜನ ನೆನಪಾಗುತ್ತಾರೆ. "ನೀವೇ ಹೇಳಿ, ಮಹಾಜನರೇ! ದಿನಾ ಇಲ್ಲಿ ತಿನ್ನೋರು ನೀವು. ಊಟ, ಬೆಲೆ, ಉಪಚಾರ, ಹೇಗಿದೆ? ಹೆದರಬೇಡಿ."

ಹೆದರುವವರು ಯಾರು? ಮೊದಲು ಒಬ್ದುಲಿಯಾ ಮುಂದೆ ಬಂದಳು. "ಬೆಲೆ ವಿಪರೀತ. ಈಗ ಏರಿಸಿದ ಮೂರು ಪೆಸೊ ಹಗಲುದರೋಡೆ."

"ತಟ್ಟೆ ಯಾವತ್ತೂ ಒದ್ದೆ," ಅಂದರು ನಿವೃತ್ತ ಮೇಷ್ಟ್ರೊಬ್ಬರು.

"ಸಾಲ್ಸಾ ತಿಂದ ದಿನ ನಾನು ನಮ್ಮ ಯಜಮಾನ್ರ ಜೊತೆ ಮಾತಾಡೋ ಸ್ಥಿತೀಲಿ ಇರಲ್ಲ," ಅಂದಳೊಬ್ಬ ಹೆಂಗಸು. "ಸ್ಟೂಲಿಗೆ ಮೂರೇ ಕಾಲು," ಅಂದ ಇನ್ನೊಬ್ಬ.

"ನನ್ನ ಹೆಸರು ಇವನಿಗೆ ಗೊತ್ತೇ ಇಲ್ಲ," ಅಂದ ಮೆಲಿತೊನ್. "ಹನ್ನೊಂದು ವರ್ಷದಿಂದ ಕತ್ತೆ."

ಸಾಹೇಬರ ಮುಖ ಅರಳಿತು. "ಕೇಳಿದ್ರಾ? ನಿಮ್ಮ ಗಿರಾಕಿಗಳೇ ಹೇಳ್ತಿದಾರೆ!"

"ಹೇಳ್ತೀವಿ!" ಅಂದಳು ಒಬ್ದುಲಿಯಾ, ಸೆರಗಿಲ್ಲದಿದ್ದರೂ ಸೊಂಟಕ್ಕೆ ಸಿಕ್ಕಿಸಿಕೊಂಡವಳಂತೆ. "ನಾವು ತಿಂತೀವಿ, ನಾವು ಹೇಳ್ತೀವಿ. ಇಪ್ಪತ್ತೆಂಟು ವರ್ಷ ಬೈಸ್ಕೊಂಡು ತಿಂದು ಹೇಳೋ ಹಕ್ಕು ಸಂಪಾದಿಸಿದೀವಿ. ನೀವು ಇಲ್ಲಿ ಒಂದು ಟಾಕೊ ತಿಂದಿದೀರಾ? ನಿಮ್ಮನ್ಯಾರು ಕೇಳಿದ್ದು?"

"ಹೂಕುಂಡ ನನ್ನನ್ನ ಕತ್ತೆ ಅನ್ನುತ್ತಾ?" ಅಂದ ಮೆಲಿತೊನ್.

ಸಾಹೇಬರು ಸ್ಕ್ರೂಡ್ರೈವರ್ ಕೇಳಿದರು. ಪಕ್ಕದ ಹಾರ್ಡ್‌ವೇರ್ ಅಂಗಡಿಯವನು ಎರಡೂ ಕೈ ಅಲ್ಲಾಡಿಸಿದ. "ನಮ್ಮಲ್ಲಿ ಸ್ಕ್ರೂಡ್ರೈವರ್ ಇಡಲ್ಲ ಸಾಹೇಬ್ರೇ." ಅವನ ತಲೆಯ ಹಿಂದೆ ಎರಡು ಡಜನ್ ನೇತಾಡುತ್ತಿದ್ದವು. ಸಾಹೇಬರು ಉಗುರಿನಲ್ಲಿ ಒಂದು ಸ್ಕ್ರೂ ತಿರುಗಿಸಲು ನೋಡಿ, ಉಗುರು ಕಿತ್ತುಕೊಂಡು ಕಾರು ಹತ್ತಿದರು. ರೊಗಾಸಿಯಾನೊ ಕೂಡ ಹೊರಟಿದ್ದ. ಚೆಂಚಾ ತಡೆದು ಸ್ಟೂಲಿನ ಮೇಲೆ ಕೂರಿಸಿದಳು. ಆರು ಟಾಕೊ ತಿಂದ. ಆಮೇಲೆ ಬೆರಳು ನೆಕ್ಕಿದ.

"ಅಂದ್ಹಾಗೆ ದೊನ್ ಎವಾರಿಸ್ತೊ," ಅಂತ ಮೇಷ್ಟ್ರು ಮೆಲ್ಲಗೆ ಕೇಳಿದರು, "ವಿಷಯ ತಿಳೀತಲ್ಲ, ಆ ಮೂರು ಪೆಸೊ ಇಳಿಸ್ತೀರಾ?"

"ಯಾಕೆ ಇಳಿಸ್ಬೇಕು?" ಅಂದ ಎವಾರಿಸ್ತೊ. "ನಕ್ಷತ್ರ ಬಂದಿಲ್ವಾ? 'ಆ ಕಡೆ ತಲೆ ಹಾಕ್ಬೇಡಿ' ಅಂತ ಬರೆದಿರೋ ಕಡೆ ಬಂದು ತಿಂತೀರ ಅಂದ್ರೆ ಏನೋ ವಿಶೇಷ ಇರ್ಬೇಕಲ್ಲ! ತಿನ್ನಂಗಿದ್ರೆ ತಿನ್ನಿ, ಇಲ್ದಿದ್ರೆ ಸ್ಟೂಲು ಬಿಡಿ!"

ಬೀದಿ ನೆಮ್ಮದಿಯ ಉಸಿರು ಬಿಟ್ಟಿತು. ಎವಾರಿಸ್ತೊ ವಾಸಿಯಾಗಿದ್ದ.

ಆದರೆ ಸೋಮವಾರ ಎಂಟು ಗಂಟೆಗೆ ಕೆಲಸದವರು ಬಂದೇ ಬಂದರು. ಗುದ್ದಲಿ, ಹಾರೆ, ಗುಲಾಬಿ ಕಲ್ಲು ತುಂಬಿದ ಲಾರಿ. ಮೇಸ್ತ್ರಿ ಸಭ್ಯ ಮನುಷ್ಯ. ಕಾಗದ ತೋರಿಸಿದ. ಅಂಗಡಿಯ ಸಾಮಾನುಗಳಿಗೆ ಹಾನಿಯಾಗದಂತೆ ಎತ್ತಿ ನಗರಸಭೆಯ ಗೋದಾಮಿಗೆ ಸಾಗಿಸಬೇಕು ಅಂತ ಅದರಲ್ಲಿತ್ತು.

"ಎತ್ತಿ," ಅಂದ ಎವಾರಿಸ್ತೊ. "ಕಾವಲಿಯಿಂದಲೇ ಶುರು ಮಾಡಿ."

ಮೇಸ್ತ್ರಿ ಕಾವಲಿಯ ಹತ್ತಿರ ಕೈ ತಂದ, ಸರಕ್ಕನೆ ಹಿಂದೆ ಎಳೆದುಕೊಂಡ. "ಬಿಸಿ ಇದೆ."

"ಬಿಸಿ ಇರ್ಲೇಬೇಕಲ್ಲ, ಟಾಕೊ ಅಂಗಡಿ. ತಣ್ಣಗಿರೋದು ಬೇಕಂದ್ರೆ ಐಸ್‌ಕ್ರೀಂ ಅಂಗಡಿ ಎತ್ತು."

"ಆರಿಸಿ. ತಣ್ಣಗಾದ ಮೇಲೆ ಎತ್ತೋಣ."

"ಗಿರಾಕಿ ಕೂತಿರೋವಾಗ ಒಲೆ ಆರಿಸೋ ಪದ್ಧತಿ ನಮ್ಮಲ್ಲಿಲ್ಲ."

ಆರು ಸ್ಟೂಲಿನ ಮೇಲೂ ಜನ ಕೂತಿದ್ದರು. ಮೇಷ್ಟ್ರು ಎದ್ದರೆ ಒಬ್ದುಲಿಯಾ ಕೂತಳು. ಒಬ್ದುಲಿಯಾ ಎದ್ದರೆ ಹಾರ್ಡ್‌ವೇರಿನವನು. ನಾನು ಜೆರಾಕ್ಸ್ ಅಂಗಡಿಗೆ "ಈಗ ಬಂದೆ" ಚೀಟಿ ಅಂಟಿಸಿ ಬಂದವನು ಸಂಜೆ ಹೋದೆ. ಮರುದಿನವೂ ಹಾಗೇ, ಅದರ ಮರುದಿನವೂ ಹಾಗೇ. ರಾತ್ರಿ ಒಲೆ ಆರುವಷ್ಟರಲ್ಲಿ ಕೆಲಸದವರು ಮನೆ ಸೇರಿರುತ್ತಿದ್ದರು. ಯಾರು ಯಾವ ಗಂಟೆಗೆ ತಿನ್ನಬೇಕು ಅಂತ ನಾನೇ ಪಟ್ಟಿ ಮಾಡಿ, ನಕಲು ತೆಗೆದು, ಮನೆಮನೆಗೆ ಹಂಚಿದೆ. ನನ್ನ ಬಾಯಿಂದಾದ ತಪ್ಪಿಗೆ ನನ್ನ ಹೊಟ್ಟೆ ದಂಡ ತೆತ್ತಿತು. ಒಬ್ದುಲಿಯಾಳ ಅಂಗಡಿಯಲ್ಲಿ ಹೊಟ್ಟೆಯುರಿ ಮಾತ್ರೆ ಎರಡು ಸಲ ಖಾಲಿಯಾಯಿತು.

ಎರಡನೇ ದಿನವೇ ಕೆಲಸದವರಿಗೂ ಹಸಿವಾಯಿತು. ಎಷ್ಟು ಹೊತ್ತು ವಾಸನೆ ಕುಡಿದುಕೊಂಡು ನಿಂತಾರು? ಮೇಸ್ತ್ರಿ ಒಂದು ನಾಲಗೆ ಟಾಕೊ ತಿಂದು, ಮೂಗೊರೆಸಿಕೊಂಡು, "ಖಾರ ಸ್ವಲ್ಪ ಜಾಸ್ತಿ," ಅಂದ.

"ಖಾರ ತಡೆಯಕ್ಕಾಗದವನು ಗುದ್ದಲಿ ಯಾಕೆ ಹಿಡಿದೆ? ಹೂಮಾಲೆ ಕಟ್ಟು ಹೋಗು!"

ಮೇಸ್ತ್ರಿ ಇನ್ನೂ ನಾಲ್ಕು ಹಾಕಿಸಿಕೊಂಡ. ಅಷ್ಟರಲ್ಲಿ ಕಲ್ಲು ಹಾಸುವ ಕೆಲಸ ಸುಮ್ಮನೆ ನಿಲ್ಲಿಸುವಂತಿರಲಿಲ್ಲ. ಗುತ್ತಿಗೆಯಲ್ಲಿ ದಿನ ಲೆಕ್ಕ ಇತ್ತು. ಆ ಕಡೆಯಿಂದ ಹಾಸಿಕೊಂಡು ಬಂದವರು ಔಷಧಿ ಅಂಗಡಿ ದಾಟಿದರು, ಈ ಕಡೆಯಿಂದ ಬಂದವರು ಹಾರ್ಡ್‌ವೇರ್ ದಾಟಿದರು. ನಡುವೆ ಗೊಲೊಂದ್ರಿನಾ. ಒಂಬತ್ತನೇ ದಿನ ಮೇಸ್ತ್ರಿ ಕಲ್ಲಿನ ಸಾಲಿಗೆ ಗೆರೆ ಗುರುತಿಸುವ ಹಗ್ಗ ಹಿಡಿದು, ಹಣೆ ಉಜ್ಜಿಕೊಂಡು, ಕಾವಲಿಯನ್ನು ದೂರದಿಂದ ಒಮ್ಮೆ ನೋಡಿ, ಹಗ್ಗವನ್ನು ಅಂಗಡಿಯ ಸುತ್ತ ಬಳಸಿ ಎಳೆದ.

ಕೆಲಸ ನೋಡಲು ದೊಡ್ಡ ಎಂಜಿನಿಯರ್ ಬಂದದ್ದು ಮುಂದಿನ ತಿಂಗಳು. ಸ್ಟೇಷನ್ನಿನಿಂದ ನಡೆದುಕೊಂಡು ಬಂದರು. ಗೆರೆ ಎಳೆದಂತೆ ನೇರ ಬಂದ ಗುಲಾಬಿ ಕಲ್ಲು ಒಂದು ಕಡೆ ಹೊಟ್ಟೆ ಉಬ್ಬಿಸಿ, ಆರು ಸ್ಟೂಲು ಸುತ್ತಿ, ಮತ್ತೆ ನೇರವಾಗಿ ಹೋಗಿತ್ತು. ಅವರು ನಕ್ಷೆ ಬಿಡಿಸಿ ನೋಡಿದರು, ತಿರುಗಿಸಿ ನೋಡಿದರು.

"ಏನ್ರೀ ಮೇಸ್ತ್ರಿ, ಇಲ್ಲಿ ಯಾಕೆ ಡೊಂಕು?"

ಮೇಸ್ತ್ರಿ ಬಾಯಲ್ಲಿದ್ದದ್ದನ್ನು ನುಂಗಿ, ಎದ್ದು ನಿಂತು, ಮರ್ಯಾದೆಯಿಂದ ಹೇಳಿದ: "ಬಿಸಿ ಇತ್ತು ಸಾರ್."